ಎಎಫ್‌ಎಂಸಿ ಸೇರುವ ಗುರಿಯಿದ್ದರೆ ಪಿಯುಸಿಯಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕು?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲಿ ಯಾವ ಪಿಯು ಕಾಲೇಜಿನ ಕಚೇರಿ ಮುಂದೆ ನಿಂತರೂ ಒಂದೇ ಮಾತು ಕೇಳಿಸುತ್ತದೆ: ‘ಸದ್ಯಕ್ಕೆ ಪಿಸಿಎಂಬಿ ಕೊಡಿ, ಮುಂದಿನದು ಮುಂದೆ ನೋಡೋಣ.’ ಪಿಸಿಎಂಬಿ ಎಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ. ಡಾಕ್ಟರೋ ಎಂಜಿನಿಯರೋ ಎಂದು ಇನ್ನೂ ತೀರ್ಮಾನವಾಗದ ಮನೆಗಳಲ್ಲಿ ಈ ಮಾತಿನಲ್ಲಿ ತಪ್ಪಿಲ್ಲ. ಆದರೆ ಮಗನೋ ಮಗಳೋ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನ ಮೇಲೆ, ಅಂದರೆ ಎಲ್ಲರೂ ಎಎಫ್‌ಎಂಸಿ ಎಂದು ಕರೆಯುವ ಕಾಲೇಜಿನ ಮೇಲೆ ಕಣ್ಣಿಟ್ಟಿದ್ದರೆ ಮುಂದೆ ನೋಡುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಆ ಕಾಲೇಜಿನ ಅರ್ಹತಾ ನಿಯಮ ಮಿಕ್ಕ ವೈದ್ಯಕೀಯ ಕಾಲೇಜುಗಳಿಗಿಂತ ಬಿಗಿ. ವಿಷಯ ಮತ್ತು ಅಂಕಗಳಿಗೆ ಸಂಬಂಧಿಸಿದ ಭಾಗವಂತೂ ದ್ವಿತೀಯ ಪಿಯುಸಿ ಮುಗಿಯುವಷ್ಟರಲ್ಲೇ ಇತ್ಯರ್ಥವಾಗಿರುತ್ತದೆ. ಆಮೇಲೆ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನಲ್ಲಿ ಎಷ್ಟೇ ಅಂಕ ಬಂದರೂ ಅದನ್ನು ತಿದ್ದಲಾಗುವುದಿಲ್ಲ.

ಕಾಲೇಜಿನ ಬಗ್ಗೆ ನಾಲ್ಕು ಮಾತು

ಎಎಫ್‌ಎಂಸಿ ಶುರುವಾದದ್ದು 1948ರಲ್ಲಿ. ಆಗ ಅದು ಸೇನಾ ವೈದ್ಯರ ತರಬೇತಿ ಕೇಂದ್ರ. ಎಂಬಿಬಿಎಸ್ ಕೋರ್ಸು ಆರಂಭವಾದದ್ದು 1962ರಲ್ಲಿ. ಈಗ ವರ್ಷಕ್ಕೆ 150 ಸೀಟುಗಳಿವೆ: ಹುಡುಗರಿಗೆ 115, ಹುಡುಗಿಯರಿಗೆ 30, ಉಳಿದ 5 ಮಿತ್ರ ರಾಷ್ಟ್ರಗಳ ವಿದ್ಯಾರ್ಥಿಗಳಿಗೆ. ಹುಡುಗಿಯರಿಗೆ ಸೀಟು ಕಡಿಮೆ ಇರುವುದರಿಂದ ಅವರಿಗೆ ಬೇಕಾಗುವ ನೀಟ್ ಅಂಕ ಹುಡುಗರದ್ದಕ್ಕಿಂತ ಹೆಚ್ಚು. ಇದು ನ್ಯಾಯವೇ ಎಂಬ ಚರ್ಚೆ ಬೇರೆ, ತಯಾರಿ ಮಾಡುವಾಗ ಲೆಕ್ಕ ಇಷ್ಟೇ.

ಬೋಧನಾ ಶುಲ್ಕವಿಲ್ಲ. ಎಲ್ಲರೂ ಹಾಸ್ಟೆಲಿನಲ್ಲೇ ಇರಬೇಕು. ಪ್ರತಿಯಾಗಿ, ಎಂಬಿಬಿಎಸ್ ಮುಗಿದ ಮೇಲೆ ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಯಲ್ಲಿ ಅಧಿಕಾರಿಯಾಗಿ ದುಡಿಯಬೇಕು. ಅರ್ಧದಷ್ಟು ಜನರಿಗೆ ಕಾಯಂ ಕಮಿಷನ್, ಅಂದರೆ ಕಾಯಂ ಅಧಿಕಾರಿ ಹುದ್ದೆ, ಇನ್ನರ್ಧಕ್ಕೆ ಏಳು ವರ್ಷದ ಶಾರ್ಟ್ ಸರ್ವಿಸ್ ಕಮಿಷನ್ ಸಿಗುತ್ತದೆ. ಮಧ್ಯದಲ್ಲಿ ಕೈಬಿಟ್ಟರೆ ದೊಡ್ಡ ಮೊತ್ತದ ಬಾಂಡ್ ಹಣ ಕಟ್ಟಬೇಕು. ‘ಫೀಸು ಇಲ್ಲವಲ್ಲ’ ಎಂಬ ಒಂದೇ ಕಾರಣಕ್ಕೆ ಇಲ್ಲಿಗೆ ಬರುವವರು ಸಮವಸ್ತ್ರದ ಬದುಕು ತಮಗೆ ಒಗ್ಗುತ್ತದೆಯೇ ಎಂದು ಮನೆಯಲ್ಲಿ ಒಮ್ಮೆ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು.

ದೆಹಲಿಯ ಆರ್ಮಿ ಕಾಲೇಜ್ ಆಫ್ ಮೆಡಿಕಲ್ ಸೈನ್ಸಸ್ ಎಂಬುದು ಬೇರೆಯೇ ಸಂಸ್ಥೆ. ಅದು ಸೈನಿಕರ ಮಕ್ಕಳಿಗಾಗಿ ಇರುವ ಕಾಲೇಜು. ಹೆಸರು ನೋಡಿ ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಎಎಫ್‌ಎಂಸಿಗೆ ಅರ್ಜಿ ಹಾಕಲು ಅಪ್ಪ ಅಮ್ಮ ಸೈನ್ಯದಲ್ಲಿರಬೇಕು ಎಂದೇನಿಲ್ಲ. ಕೊಡಗಿನ ಕೂಡಿಗೆಯ ಅಥವಾ ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿರಬೇಕು, ಎನ್‌ಸಿಸಿ ಪ್ರಮಾಣಪತ್ರ ಇರಬೇಕು ಎಂಬ ಷರತ್ತುಗಳೂ ಇಲ್ಲ.

ಹಂತ 1: ಅರ್ಹತೆಯ ವಾಕ್ಯವನ್ನು ಬಿಡಿಸಿ ಓದಿ

ಎಎಫ್‌ಎಂಸಿಯ ಮಾಹಿತಿ ಪುಸ್ತಿಕೆಯಲ್ಲಿ ಶೈಕ್ಷಣಿಕ ಅರ್ಹತೆ ಒಂದು ಉದ್ದನೆಯ ವಾಕ್ಯದಲ್ಲಿ ಅಡಕವಾಗಿರುತ್ತದೆ. ಅದರ ಸಾರ ಹೀಗಿದೆ: ಹನ್ನೆರಡನೇ ತರಗತಿಯನ್ನು ಮೊದಲ ಪ್ರಯತ್ನದಲ್ಲೇ ಪಾಸು ಮಾಡಿರಬೇಕು, ಇಂಗ್ಲಿಷ್, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಈ ನಾಲ್ಕನ್ನೂ ಒಟ್ಟಿಗೆ ಓದಿರಬೇಕು, ಮೂರು ವಿಜ್ಞಾನ ವಿಷಯ ಸೇರಿ ಶೇ. 60 ಬಂದಿರಬೇಕು, ಪ್ರತಿ ವಿಜ್ಞಾನ ವಿಷಯದಲ್ಲೂ ಶೇ. 50, ಇಂಗ್ಲಿಷಿನಲ್ಲಿ ಶೇ. 50 ಇರಬೇಕು, ಹತ್ತನೇ ತರಗತಿಯ ಮಟ್ಟದಲ್ಲಿ ಗಣಿತ ಪಾಸಾಗಿರಬೇಕು.

ಇದನ್ನು ಬೇರೆ ಕಾಲೇಜುಗಳ ನಿಯಮದ ಪಕ್ಕದಲ್ಲಿಟ್ಟು ನೋಡಿ. ಸಾಮಾನ್ಯ ವರ್ಗದವರಿಗೆ ಎಂಬಿಬಿಎಸ್ ಸೇರಲು ಮೂರು ವಿಜ್ಞಾನ ವಿಷಯ ಸೇರಿ ಶೇ. 50 ಇದ್ದರೆ ಸಾಕು. ಹಾಗಾಗಿ ನೀಟ್ ತರಬೇತಿಗೆ ಸೇರಿದ ಮಕ್ಕಳು ಬೋರ್ಡ್ ಪರೀಕ್ಷೆಯನ್ನು ‘ಹೇಗೋ ಆಗುತ್ತದೆ’ ಎಂದು ಬದಿಗಿಡುತ್ತಾರೆ. ಎಎಫ್‌ಎಂಸಿಯಲ್ಲಿ ಆ ಧೋರಣೆಗೆ ಜಾಗವಿಲ್ಲ.

ಒಂದು ಅಂಕಪಟ್ಟಿಯನ್ನು ಹತ್ತಿರದಿಂದ ನೋಡೋಣ. ಭೌತಶಾಸ್ತ್ರ 52, ರಸಾಯನಶಾಸ್ತ್ರ 58, ಜೀವಶಾಸ್ತ್ರ 66. ಪ್ರತಿಯೊಂದೂ 50 ದಾಟಿದೆ, ಪಾಸು ಎಂಬುದರಲ್ಲಿ ಅನುಮಾನವೇ ಇಲ್ಲ. ಕೂಡಿದರೆ 176. ಮುನ್ನೂರಕ್ಕೆ ಶೇ. 60 ಎಂದರೆ 180 ಬೇಕು. ನಾಲ್ಕು ಅಂಕದಿಂದ ಅನರ್ಹ. ಇನ್ನೊಂದು ಪಟ್ಟಿ: ಭೌತಶಾಸ್ತ್ರ 49, ರಸಾಯನಶಾಸ್ತ್ರ 80, ಜೀವಶಾಸ್ತ್ರ 92. ಒಟ್ಟು 221, ಸರಾಸರಿ ಶೇ. 73ರ ಮೇಲೆ. ಆದರೂ ಅನರ್ಹ, ಭೌತಶಾಸ್ತ್ರ ಐವತ್ತನ್ನು ಮುಟ್ಟಲಿಲ್ಲ. ಮೂರನೆಯ ಪಟ್ಟಿಯಲ್ಲಿ ವಿಜ್ಞಾನವೆಲ್ಲ ತೊಂಬತ್ತರ ಮೇಲಿದ್ದು ಇಂಗ್ಲಿಷ್ 48 ಆಗಿದ್ದರೂ ಗತಿ ಅದೇ. ಸರಾಸರಿ ಒಂದು ಜರಡಿ, ಬಿಡಿ ವಿಷಯ ಇನ್ನೊಂದು ಜರಡಿ, ಎರಡರಿಂದಲೂ ಇಳಿಯಬೇಕು.

ಕರ್ನಾಟಕದ ಪಿಯುಸಿಯಲ್ಲಿ ವಿಜ್ಞಾನ ವಿಷಯಗಳಿಗೆ ಲಿಖಿತ 70, ಪ್ರಾಯೋಗಿಕ 30. ಭಾಷೆಗಳಿಗೆ ಲಿಖಿತ 80, ಆಂತರಿಕ ಮೌಲ್ಯಮಾಪನ 20. ಅಂಕಪಟ್ಟಿಯ ಒಟ್ಟು ಅಂಕದಲ್ಲಿ ಇವೆಲ್ಲವೂ ಸೇರಿರುತ್ತವೆ. ಆದ್ದರಿಂದ ಪ್ರಾಯೋಗಿಕ ತರಗತಿ ತಪ್ಪಿಸಿ ಕೋಚಿಂಗಿಗೆ ಹೋಗುವುದು ಲಾಭವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಲ್ಯಾಬ್ ದಾಖಲೆ ಪುಸ್ತಕ ಅಚ್ಚುಕಟ್ಟಾಗಿದ್ದರೆ ಭೌತಶಾಸ್ತ್ರದಲ್ಲಿ ತಡಕಾಡುವ ಹುಡುಗನಿಗೂ ಐವತ್ತರ ಗೆರೆ ಹತ್ತಿರ ಬರುತ್ತದೆ.

ಬೋರ್ಡ್ ಅಂಕಗಳು ಅರ್ಹತೆಗೆ ಮಾತ್ರ. ಮೆರಿಟ್ ಪಟ್ಟಿಗೆ ಅವು ಸೇರುವುದಿಲ್ಲ. ಶೇ. 98 ತೆಗೆಯಲು ಪ್ರಾಣ ಬಿಡಬೇಕಿಲ್ಲ. ಗೆರೆಯಿಂದ ಹತ್ತು ಹದಿನೈದು ಅಂಕ ಮೇಲಿದ್ದರೆ ನೆಮ್ಮದಿ.

ಹಂತ 2: ಗಣಿತ ಬೇಕೇ ಬೇಡವೇ?

ಹೆಚ್ಚು ಗೊಂದಲ ಇರುವುದು ಇಲ್ಲೇ. ನಿಯಮದ ಪ್ರಕಾರ ಪಿಯುಸಿಯಲ್ಲಿ ಗಣಿತ ಬೇಕಿಲ್ಲ, ಎಸ್‌ಎಸ್‌ಎಲ್‌ಸಿಯಲ್ಲಿ ಪಾಸಾಗಿದ್ದರೆ ಸಾಕು. ಹಾಗಾಗಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ಜೊತೆ ಗೃಹವಿಜ್ಞಾನದಂಥ ನಾಲ್ಕನೇ ವಿಷಯ ಇರುವ ಕಾಂಬಿನೇಷನ್ ಸಿಗುವ ಕಾಲೇಜಾದರೆ ಅದನ್ನೂ ತೆಗೆದುಕೊಳ್ಳಬಹುದು. ಆದರೆ ನಮ್ಮ ತಾಲ್ಲೂಕು ಮಟ್ಟದ ಬಹುಪಾಲು ಕಾಲೇಜುಗಳಲ್ಲಿ ಜೀವಶಾಸ್ತ್ರ ಬೇಕೆಂದರೆ ಸಿಗುವುದು ಪಿಸಿಎಂಬಿ ಒಂದೇ. ಅಲ್ಲಿ ಆಯ್ಕೆಯ ಪ್ರಶ್ನೆಯೇ ಬರುವುದಿಲ್ಲ.

ಆಯ್ಕೆ ಇರುವವರು ಎರಡು ಸಂಗತಿ ತೂಗಿ ನೋಡಬೇಕು.

ಮೊದಲನೆಯದು ಭೌತಶಾಸ್ತ್ರ. ನೀಟ್‌ನ 180 ಪ್ರಶ್ನೆಗಳಲ್ಲಿ ಭೌತಶಾಸ್ತ್ರದ್ದು 45, ಅಂಕ 180. ಜೀವಶಾಸ್ತ್ರದ 360 ಅಂಕಗಳಲ್ಲಿ ಚೆನ್ನಾಗಿ ಓದಿದವರೆಲ್ಲ ಹತ್ತಿರ ಹತ್ತಿರ ಇರುತ್ತಾರೆ; ಅವರನ್ನು ಮೇಲೆ ಕೆಳಗೆ ಮಾಡುವುದು ಭೌತಶಾಸ್ತ್ರ. ಅದರ ಬೆನ್ನೆಲುಬು ಗಣಿತ. ಪ್ರಥಮ ಪಿಯುಸಿಯ ಮೊದಲ ತಿಂಗಳುಗಳಲ್ಲೇ ಚಲನೆಯ ಪಾಠದಲ್ಲಿ ಕ್ಷಣಿಕ ವೇಗ ಬರುತ್ತದೆ, ಅಲ್ಲಿ ಅವಕಲನ ಬೇಕು. ಬಲ, ಕೆಲಸದ ಪಾಠಗಳಿಗೆ ಸದಿಶಗಳು ಬೇಕು. ರಸಾಯನಶಾಸ್ತ್ರದ ಪಿಎಚ್ ಲೆಕ್ಕಕ್ಕೆ, ದ್ವಿತೀಯ ಪಿಯುಸಿಯ ನರ್ನ್‌ಸ್ಟ್ ಸಮೀಕರಣಕ್ಕೆ, ಕ್ರಿಯಾ ವೇಗದ ಲೆಕ್ಕಕ್ಕೆ ಲಾಗರಿದಮ್ ಬೇಕು. ತಮಾಷೆಯೆಂದರೆ, ಪಿಸಿಎಂಬಿಯವರಿಗೂ ಗಣಿತದ ಪುಸ್ತಕದಲ್ಲಿ ಅವಕಲನ ಬರುವುದು ವರ್ಷದ ಕೊನೆಯ ಪಾಠಗಳಲ್ಲಿ. ಅಷ್ಟರಲ್ಲಿ ಭೌತಶಾಸ್ತ್ರದವರು ಅದನ್ನು ಬಳಸಿ ಮುಂದೆ ಹೋಗಿರುತ್ತಾರೆ. ಆದ್ದರಿಂದ ಯಾವ ಕಾಂಬಿನೇಷನ್ ತೆಗೆದುಕೊಂಡರೂ ಎಸ್‌ಎಸ್‌ಎಲ್‌ಸಿ ರಜೆಯಲ್ಲಿ ತ್ರಿಕೋನಮಿತಿಯ ಮೂಲ ಸೂತ್ರಗಳು, ಲಾಗರಿದಮ್, ಸರಳ ಅವಕಲನ ಮತ್ತು ಸಮಾಕಲನ, ಸದಿಶಗಳ ಕೂಡುವಿಕೆ ಮತ್ತು ಗುಣಾಕಾರ, ಇಷ್ಟನ್ನು ಕಲಿತುಕೊಳ್ಳಿ. ಗಣಿತ ಬಿಟ್ಟವರು ಇದನ್ನು ಕಲಿಯದೆ ಭೌತಶಾಸ್ತ್ರಕ್ಕೆ ಇಳಿದರೆ ಎರಡು ವರ್ಷ ಸೂತ್ರ ಬಾಯಿಪಾಠ ಮಾಡುವುದರಲ್ಲೇ ಕಳೆಯುತ್ತದೆ.

ಎರಡನೆಯದು ಪರ್ಯಾಯ ದಾರಿ. ‘ನನಗೆ ಬೇಕಾದದ್ದು ಸಮವಸ್ತ್ರವೋ, ಸ್ಟೆತಸ್ಕೋಪೋ?’ ಈ ಪ್ರಶ್ನೆಗೆ ವಿದ್ಯಾರ್ಥಿಯೇ ಉತ್ತರ ಕೊಡಲಿ, ಮನೆಯ ಹಿರಿಯರಲ್ಲ. ಸಮವಸ್ತ್ರವೇ ಮುಖ್ಯ ಎನ್ನುವವರಿಗೆ ಎಎಫ್‌ಎಂಸಿ ತಪ್ಪಿದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ, ಅದೂ ಪುಣೆಯ ಪಕ್ಕದ ಖಡಕ್‌ವಾಸ್ಲಾದಲ್ಲೇ. 2022ರಿಂದ ಹುಡುಗಿಯರಿಗೂ ಅಲ್ಲಿ ಪ್ರವೇಶವಿದೆ. ನೌಕಾಪಡೆ ಮತ್ತು ವಾಯುಪಡೆಯ ವಿಭಾಗಕ್ಕೆ ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕೇ ಬೇಕು. ಭೂಸೇನೆಯ ವಿಭಾಗಕ್ಕೆ ವಿಷಯದ ಷರತ್ತು ಇಲ್ಲದಿದ್ದರೂ ಪ್ರವೇಶ ಪರೀಕ್ಷೆಯಲ್ಲಿ 300 ಅಂಕದ ಗಣಿತ ಪತ್ರಿಕೆ ಇದೆ. ಇಂಥವರಿಗೆ ಪಿಸಿಎಂಬಿಯೇ ಸರಿ. ಸ್ಟೆತಸ್ಕೋಪೇ ಮುಖ್ಯ, ಸೇನೆ ಸಿಕ್ಕರೆ ಸಂತೋಷ, ಇಲ್ಲವಾದರೆ ಬೇರೆ ಎಂಬಿಬಿಎಸ್ ಕಾಲೇಜು ಎನ್ನುವವರು, ಅದರಲ್ಲೂ ಎಸ್‌ಎಸ್‌ಎಲ್‌ಸಿ ಗಣಿತದಲ್ಲೇ ಏದುಸಿರು ಬಿಟ್ಟವರು, ಗಣಿತ ಬಿಟ್ಟು ಆ ಸಮಯವನ್ನು ಭೌತಶಾಸ್ತ್ರಕ್ಕೆ ಕೊಡುವುದೇ ಜಾಣತನ. ‘ಗಣಿತ ಇಲ್ಲದಿದ್ದರೆ ಸೈನ್ಸ್ ಅಲ್ಲ’ ಎನ್ನುವ ನೆಂಟರಿಷ್ಟರ ಮಾತಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನಾಲ್ಕನೇ ವಿಷಯವಾಗಿ ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್ ಅಥವಾ ಸಂಖ್ಯಾಶಾಸ್ತ್ರ ಇರುವ ಪಿಸಿಎಂಸಿ, ಪಿಸಿಎಂಇ, ಪಿಸಿಎಂಎಸ್ ಈ ಮೂರರಲ್ಲೂ ಜೀವಶಾಸ್ತ್ರ ಇಲ್ಲ. ಎಎಫ್‌ಎಂಸಿಯ ಯೋಚನೆ ಒಂದಿಷ್ಟಾದರೂ ಇದ್ದರೆ ಇವುಗಳ ಹತ್ತಿರ ಸುಳಿಯಬೇಡಿ.

ಹಂತ 3: ಇಂಗ್ಲಿಷನ್ನು ನಾಲ್ಕನೇ ವಿಜ್ಞಾನವೆಂದು ಓದಿ

ನನ್ನ ಮಟ್ಟಿಗೆ ಕನ್ನಡ ನಾಡಿನ ಮಕ್ಕಳು ಎಎಫ್‌ಎಂಸಿಯಲ್ಲಿ ಹಿಂದೆ ಬೀಳುವುದಾದರೆ ಅದು ಜೀವಶಾಸ್ತ್ರದಲ್ಲಲ್ಲ, ಇಂಗ್ಲಿಷಿನಲ್ಲಿ. ನೀಟ್‌ನಲ್ಲಿ ಇಂಗ್ಲಿಷ್ ಪತ್ರಿಕೆ ಇಲ್ಲ. ಹಾಗಾಗಿ ಪಿಯುಸಿಯ ಇಂಗ್ಲಿಷ್ ತರಗತಿ ಎಂದರೆ ಎಲ್ಲರಿಗೂ ಸಡಿಲ. ಎಎಫ್‌ಎಂಸಿ ಮಾತ್ರ ಇಂಗ್ಲಿಷನ್ನು ಮೂರು ಸಲ ಅಳೆಯುತ್ತದೆ.

ಅರ್ಹತೆಗೆ ಬೋರ್ಡ್ ಪರೀಕ್ಷೆಯಲ್ಲಿ ಶೇ. 50, ಇದು ಮೊದಲನೆಯದು. ಪಿಯುಸಿಯಲ್ಲಿ ಆರಿಸಿಕೊಳ್ಳುವ ಎರಡು ಭಾಷೆಗಳಲ್ಲಿ ಇಂಗ್ಲಿಷ್ ಒಂದಾಗಿರಲೇಬೇಕು. ಇನ್ನೊಂದು ಕನ್ನಡವೋ ಸಂಸ್ಕೃತವೋ ಹಿಂದಿಯೋ, ನಿಮ್ಮ ಇಷ್ಟ. ಅಂಕ ಸುಲಭವೆಂದು ಸಂಸ್ಕೃತ ತೆಗೆದುಕೊಳ್ಳುವುದಾದರೆ ಅದು ಇಂಗ್ಲಿಷಿನ ಜಾಗ ಕಬಳಿಸದಂತೆ ನೋಡಿಕೊಳ್ಳಿ.

ಎರಡನೆಯದು, ನೀಟ್ ಅಂಕಗಳ ಮೇಲೆ ಆಯ್ದವರನ್ನು ಪುಣೆಗೆ ಕರೆಸಿ ಕಂಪ್ಯೂಟರ್ ಮುಂದೆ ಕೂರಿಸುವ ಪರೀಕ್ಷೆ. ಇಂಗ್ಲಿಷ್ ಭಾಷೆ, ಗ್ರಹಿಕೆ, ತರ್ಕ, ವಿವೇಚನೆ ಇವುಗಳ ಮೇಲೆ 40 ಪ್ರಶ್ನೆ, 80 ಅಂಕ, ಅವಧಿ ಅರ್ಧ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಡಿತವೂ ಇದೆ. ನೀಟ್‌ನ 720ಕ್ಕೆ ಈ 80 ಸೇರಿ ಒಟ್ಟು 800. ನೀಟ್‌ನಲ್ಲಿ 640 ತೆಗೆದವನು ಇಲ್ಲಿ 40 ತೆಗೆದರೆ 680. 625 ತೆಗೆದವಳು ಇಲ್ಲಿ 60 ತೆಗೆದರೆ 685. ಎರಡು ವರ್ಷ ಹಗಲಿರುಳು ಓದಿ ಗಳಿಸಿದ ಹದಿನೈದು ಅಂಕದ ಮುನ್ನಡೆ ಅರ್ಧ ಗಂಟೆಯಲ್ಲಿ ಕರಗುತ್ತದೆ.

ಮೂರನೆಯದು ಸಂದರ್ಶನ, ಅದಕ್ಕೆ 50 ಅಂಕ. ಅಲ್ಲಿ ವ್ಯಾಕರಣದ ಠೀವಿ ನೋಡುವುದಿಲ್ಲ, ಕೇಳಿದ್ದಕ್ಕೆ ತಡವರಿಸದೆ ಉತ್ತರಿಸುತ್ತೀರಾ ಎಂದು ನೋಡುತ್ತಾರೆ.

ನೀಟ್ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲೂ ಬರೆಯಬಹುದು. ಹದಿಮೂರು ಭಾಷೆಗಳಲ್ಲಿ ಕನ್ನಡವೂ ಒಂದು. ಕನ್ನಡ ಮಾಧ್ಯಮದಿಂದ ಬಂದವರು ಆ ಅನುಕೂಲ ಬಳಸಿಕೊಳ್ಳಲಿ, ಬೇಡವೆನ್ನುವುದಿಲ್ಲ. ಆದರೆ ಪುಣೆಯ ಪರೀಕ್ಷೆಯಲ್ಲಿ ಆ ಆಯ್ಕೆ ಇಲ್ಲ. ಪ್ರಥಮ ಪಿಯುಸಿಯಿಂದಲೇ ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ದಿನಪತ್ರಿಕೆಯ ಸಂಪಾದಕೀಯ ಓದಿ, ಓದಿದ್ದನ್ನು ಯಾರಿಗಾದರೂ ಇಂಗ್ಲಿಷಿನಲ್ಲೇ ಹೇಳಿ. ಮನೆಯಲ್ಲಿ ಕೇಳುವವರಿಲ್ಲದಿದ್ದರೆ ಮೊಬೈಲಿನಲ್ಲಿ ಧ್ವನಿ ಮುದ್ರಿಸಿ ಮತ್ತೆ ಕೇಳಿಸಿಕೊಳ್ಳಿ. ನೀಟ್ ಮುಗಿದ ಮೇಲೆ ಶುರು ಮಾಡಿದರೆ ಪುಣೆಯ ಕರೆ ಬರುವ ಹೊತ್ತಿಗೆ ನಾಲಿಗೆ ಹೊರಳುವುದಿಲ್ಲ.

ಹಂತ 4: ‘ಮೊದಲ ಪ್ರಯತ್ನ’ ಎಂದರೆ ಯಾವುದು?

ಈ ಮಾತು ಹನ್ನೆರಡನೇ ತರಗತಿಯ ಪರೀಕ್ಷೆಗೆ ಸಂಬಂಧಿಸಿದ್ದು, ನೀಟ್‌ಗಲ್ಲ. ನೀಟ್ ಅನ್ನು ಎರಡನೇ, ಮೂರನೇ ಬಾರಿ ಬರೆದವರೂ ವಯಸ್ಸಿನ ಮಿತಿಯೊಳಗಿದ್ದರೆ ಎಎಫ್‌ಎಂಸಿಗೆ ಪ್ರಯತ್ನಿಸಬಹುದು. ‘ಒಂದು ವರ್ಷ ಬಿಟ್ಟು ಓದಿದರೆ ತೆಗೆದುಕೊಳ್ಳುವುದಿಲ್ಲವಂತೆ’ ಎಂಬ ಸುದ್ದಿ ಹರಡುವುದು ಈ ಎರಡನ್ನು ಕಲಸಿಕೊಂಡದ್ದರಿಂದ.

ಕರ್ನಾಟಕದಲ್ಲಿ 2024ರಿಂದ ದ್ವಿತೀಯ ಪಿಯುಸಿಗೆ ಪರೀಕ್ಷೆ 1, ಪರೀಕ್ಷೆ 2 ಹೀಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಪೂರಕ ಪರೀಕ್ಷೆ ಎಂಬ ಹೆಸರು ಹೋಗಿದೆ. ಮಕ್ಕಳ ಮನಸ್ಸಿಗೆ ಇದು ಒಳ್ಳೆಯದೇ. ಆದರೆ ಎಎಫ್‌ಎಂಸಿಯ ಗುರಿ ಇರುವವರು ಪರೀಕ್ಷೆ 2 ಇದೆಯಲ್ಲ ಎಂದು ಪರೀಕ್ಷೆ 1ರಲ್ಲಿ ಒಂದು ವಿಷಯವನ್ನೂ ಕೈಬಿಡಬಾರದು. ಹಾಜರಾಗದೆ ಉಳಿಯುವುದೂ ಬೇಡ. ಶೇ. 60 ಮತ್ತು ಶೇ. 50ರ ಗೆರೆಗಳನ್ನು ಪರೀಕ್ಷೆ 1ರಲ್ಲೇ ದಾಟುವಂತೆ ಯೋಜನೆ ಹಾಕಿ.

ಹಂತ 5: ಈಗಾಗಲೇ ಬೇರೆ ದಾರಿಯಲ್ಲಿರುವವರು

ಪ್ರಥಮ ಪಿಯುಸಿಗೆ ಸೇರಿ ಕೆಲವೇ ವಾರ ಆಗಿದ್ದರೆ ಕಾಂಬಿನೇಷನ್ ಬದಲಿಸಲು ಇಂದೇ ಪ್ರಾಂಶುಪಾಲರನ್ನು ಕಾಣಿ. ತಡವಾದಷ್ಟೂ ಕಷ್ಟ.

ಪಿಸಿಎಂಸಿ ಮುಗಿಸಿದ ಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಬರೆದವರ ವಿಚಾರ ಬೇರೆ. 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥವರಿಗೂ ನೀಟ್ ಬಾಗಿಲು ತೆರೆಯಿತು. ಆ ಸುದ್ದಿ ಓದಿ ಹಲವರು ಎಎಫ್‌ಎಂಸಿಯೂ ಸಿಗುತ್ತದೆಂದು ಭಾವಿಸಿದರು. ಎಎಫ್‌ಎಂಸಿಯ ವಾಕ್ಯದಲ್ಲಿ ‘ಒಟ್ಟಿಗೆ ಓದಿರಬೇಕು’ ಎಂಬ ಮಾತಿದೆ ಎಂಬುದನ್ನು ಮರೆಯಬೇಡಿ. ನೀಟ್ ಬರೆಯುವ ಅರ್ಹತೆ ಬೇರೆ, ಈ ಕಾಲೇಜಿನ ಅರ್ಹತೆ ಬೇರೆ. ಇಂಥವರು ಎಎಫ್‌ಎಂಸಿಯನ್ನು ನೆಚ್ಚಿಕೊಂಡು ಕೂರದೆ ಬೇರೆ ಎಂಬಿಬಿಎಸ್ ಕಾಲೇಜುಗಳನ್ನು ಮುಂದಿಟ್ಟುಕೊಳ್ಳುವುದು ಕ್ಷೇಮ.

ಸಿಬಿಎಸ್‌ಇಯವರಿಗೆ ಇಂಗ್ಲಿಷ್, ಮೂರು ವಿಜ್ಞಾನ, ಇನ್ನೊಂದು ವಿಷಯ. ಆ ಐದನೆಯದು ಗಣಿತವೋ ಮನಃಶಾಸ್ತ್ರವೋ ದೈಹಿಕ ಶಿಕ್ಷಣವೋ ಆಗಿರಬಹುದು. ಎರಡನೇ ಹಂತದಲ್ಲಿ ಹೇಳಿದ ತೂಕವೇ ಇಲ್ಲಿಗೂ ಅನ್ವಯ. ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳಿಗೆ ಅಲ್ಲಿನ ಇಂಟರ್‌ಮೀಡಿಯೆಟ್‌ನಲ್ಲಿ ಸಸ್ಯಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ ಬೇರೆ ಬೇರೆ ವಿಷಯಗಳು. ಅವರು ಎರಡರಲ್ಲೂ ಅಂಕ ಕಾಪಾಡಿಕೊಳ್ಳಬೇಕು, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆಂಬ ಭರವಸೆ ಬೇಡ.

ಹಂತ 6: ವಿಷಯ ಆರಿಸುವ ಮೊದಲೇ ಕಣ್ಣಿನ ಪರೀಕ್ಷೆ

ಇದು ವಿಷಯದ ಆಯ್ಕೆಯಲ್ಲ, ಆದರೂ ಇಲ್ಲೇ ಹೇಳಬೇಕು. ಸೇನೆಯ ವೈದ್ಯಕೀಯ ತಪಾಸಣೆಯಲ್ಲಿ ಬಣ್ಣ ಗುರುತಿಸುವ ಶಕ್ತಿ, ದೃಷ್ಟಿದೋಷದ ಪ್ರಮಾಣ, ಎತ್ತರ ಮತ್ತು ತೂಕ, ಕಿವಿ, ಹಲ್ಲು ಎಲ್ಲವನ್ನೂ ನೋಡುತ್ತಾರೆ. ಕನ್ನಡಕ ಇದ್ದ ಮಾತ್ರಕ್ಕೆ ಅನರ್ಹರಲ್ಲ, ಆದರೆ ಪವರ್‌ಗೆ ಮಿತಿ ಇದೆ. ಎಸ್‌ಎಸ್‌ಎಲ್‌ಸಿ ರಜೆಯಲ್ಲೇ ಒಬ್ಬ ನೇತ್ರತಜ್ಞರಲ್ಲಿ ಬಣ್ಣದ ದೃಷ್ಟಿ ಸಹಿತ ತಪಾಸಣೆ ಮಾಡಿಸಿ, ಆ ವರ್ಷದ ಮಾಹಿತಿ ಪುಸ್ತಿಕೆಯ ಮಾನದಂಡದೊಂದಿಗೆ ಹೋಲಿಸಿ. ಎರಡು ವರ್ಷ ಓದಿ ಪುಣೆಗೆ ಹೋದ ಮೇಲೆ ಬಣ್ಣಗುರುಡು ಗೊತ್ತಾಗುವುದಕ್ಕಿಂತ ಇದು ಮೇಲು.

ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು, ಮೇಲ್ಮಿತಿ 24ರ ಆಸುಪಾಸು. ಅವಿವಾಹಿತರಾಗಿರಬೇಕು, ಓದು ಮುಗಿಯುವವರೆಗೆ ಮದುವೆ ಆಗುವಂತಿಲ್ಲ.

ಹಂತ 7: ಅರ್ಜಿ ಹಾಕುವುದು ಎಲ್ಲಿ?

ನಮ್ಮಲ್ಲಿ ವೈದ್ಯಕೀಯ ಸೀಟು ಎಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಎಂಬುದು ರೂಢಿ. ಎಎಫ್‌ಎಂಸಿಗೆ ಅದರ ಸಂಬಂಧವಿಲ್ಲ. ನೀಟ್ ಫಲಿತಾಂಶದ ನಂತರ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯ, ಅಂದರೆ ಎಂಸಿಸಿಯ ಜಾಲತಾಣದಲ್ಲಿ ನೋಂದಾಯಿಸಿ, ಅಲ್ಲಿ ಎಎಫ್‌ಎಂಸಿಗೆ ಇಚ್ಛೆ ಸೂಚಿಸಬೇಕು. ಹಾಗೆ ಸೂಚಿಸಿದವರಿಂದಲೇ ಆಯ್ದು ಪುಣೆಗೆ ಕರೆಯುತ್ತಾರೆ. ರಾಜ್ಯದ ಕೌನ್ಸೆಲಿಂಗ್‌ಗೆ ಮಾತ್ರ ನೋಂದಾಯಿಸಿ ಕರೆಗಾಗಿ ಕಾದರೆ ಕರೆ ಬರುವುದಿಲ್ಲ. ಎರಡಕ್ಕೂ ನೋಂದಾಯಿಸಿಕೊಂಡಿರಿ.

ಇದೇ ವಿಷಯಗಳನ್ನು ಓದಿದ ಹೆಣ್ಣುಮಕ್ಕಳಿಗೆ ಮಿಲಿಟರಿ ನರ್ಸಿಂಗ್ ಸೇವೆಯ ಬಿಎಸ್ಸಿ ನರ್ಸಿಂಗ್ ದಾರಿಯೂ ಇದೆ. ಅದಕ್ಕೂ ನೀಟ್ ಅಂಕ ಬೇಕು. ಸೇನೆಯ ಆರು ನರ್ಸಿಂಗ್ ಕಾಲೇಜುಗಳಲ್ಲಿ ಒಂದು ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯಲ್ಲೇ ಇದೆ. ಹಾಗೆಯೇ ಬೇರೆ ಕಾಲೇಜಿನಲ್ಲಿ ಎಂಬಿಬಿಎಸ್ ಮತ್ತು ಇಂಟರ್ನ್‌ಶಿಪ್ ಮುಗಿಸಿ ವೈದ್ಯರಾಗಿ ನೋಂದಣಿ ಪಡೆದವರು ಶಾರ್ಟ್ ಸರ್ವಿಸ್ ಕಮಿಷನ್ ಮೂಲಕ ಸೇನಾ ವೈದ್ಯರಾಗಬಹುದು. ಈ ದಾರಿಯಲ್ಲಿ ಪಿಯುಸಿಯ ಇಂಗ್ಲಿಷ್ ಅಂಕ ಯಾರನ್ನೂ ತಡೆಯುವುದಿಲ್ಲ.

ದಾಖಲೆಗಳ ವಿಷಯದಲ್ಲಿ ಒಂದು ಮಾತು ಬಾಕಿ ಇದೆ. ಗಣಿತ ಪಾಸಾದದ್ದಕ್ಕೂ ಹುಟ್ಟಿದ ದಿನಾಂಕಕ್ಕೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೇ ಸಾಕ್ಷಿ. ನಮ್ಮಲ್ಲಿ ಆ ಅಂಕಪಟ್ಟಿಯ ಹೆಸರಿನಲ್ಲಿ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಿರುತ್ತವೆ, ಆಧಾರ್‌ನಲ್ಲಿ ಅವು ಬಿಡಿಸಿಕೊಂಡೋ ಬಿಟ್ಟುಹೋಗಿಯೋ ಇರುತ್ತವೆ. ನೀಟ್ ಅರ್ಜಿ ತುಂಬುವ ಮೊದಲೇ ಅಂಕಪಟ್ಟಿ, ಆಧಾರ್ ಮತ್ತು ಪಿಯು ಕಾಲೇಜಿನ ದಾಖಲೆಯ ಹೆಸರನ್ನು ಅಕ್ಷರ ಅಕ್ಷರ ತಾಳೆ ನೋಡಿ. ವ್ಯತ್ಯಾಸವಿದ್ದರೆ ಆಧಾರ್ ತಿದ್ದಿಸುವುದು ಅಂಕಪಟ್ಟಿ ತಿದ್ದಿಸುವುದಕ್ಕಿಂತ ಸುಲಭ. ಆಯ್ಕೆಯಾದರೆ ಓದುವುದು ಮಹಾರಾಷ್ಟ್ರದಲ್ಲಿ, ಆದ್ದರಿಂದ ಪಿಯುಸಿ ಮುಗಿಯುತ್ತಿದ್ದಂತೆ ವರ್ಗಾವಣೆ ಪತ್ರದ ಜೊತೆಗೆ ವಲಸೆ ಪ್ರಮಾಣಪತ್ರಕ್ಕೂ ಅರ್ಜಿ ಹಾಕಿಬಿಡಿ.